ವಿವರಣೆಯಿಲ್ಲದ ಪ್ರೋಗ್ರಾಂ ಅಪೂರ್ಣವಾದ ಸರಕು

ಯಂತ್ರವನ್ನು ಕಟ್ಟಿಕೊಡುವವರಿಗೂ ಕೊಳ್ಳುವವರಿಗೂ ನಡುವೆ ನಮ್ಮ ಕಾರ್ಖಾನೆಗಳಲ್ಲಿ ಬಹುಕಾಲದಿಂದ ನಡೆದುಬಂದಿರುವ ವಿವಾದವೊಂದುಂಟು. ಯಂತ್ರವನ್ನು ನಡೆಸತಕ್ಕ ಪ್ರೋಗ್ರಾಮೆಬಲ್ ಲಾಜಿಕ್ ಕಂಟ್ರೋಲರಿನ, ಅಂದರೆ ಪಿಎಲ್‌ಸಿಯ ಪ್ರೋಗ್ರಾಮನ್ನು ಒಪ್ಪಿಸುವಾಗ, ಅದರಲ್ಲಿನ ಒಂದೊಂದು ಟ್ಯಾಗೂ ಯಾವ ಸೆನ್ಸರಿಗೆ, ಯಾವ ಮೋಟಾರಿಗೆ, ಯಾವ ನಿರ್ಬಂಧಕ್ಕೆ ಸಂಬಂಧಿಸಿದುದೆಂಬ ವಿವರಣೆಯನ್ನೂ, ಪ್ರೋಗ್ರಾಮಿನ ಒಂದೊಂದು ಸಾಲಿನ, ಅಂದರೆ ರಂಗಿನ (rung), ಉದ್ದೇಶವನ್ನು ತಿಳಿಸುವ ಟಿಪ್ಪಣಿಯನ್ನೂ ಜೊತೆಯಲ್ಲಿ ಕೊಡಬೇಕೆ ಬೇಡವೆ ಎಂಬುದೇ ಆ ವಿವಾದ. ಕಟ್ಟಿಕೊಟ್ಟವರು ಅದನ್ನು ತಮ್ಮ ಸೌಜನ್ಯಕ್ಕೆ ಬಿಟ್ಟ ವಿಷಯವೆಂದು ಎಣಿಸುತ್ತಾರೆ. ಕೊಂಡವರಿಗೆ, ಬ್ರೇಕ್‌ಡೌನ್ ಆಗಿ ಉತ್ಪಾದನೆ ನಿಲ್ಲುವವರೆಗೆ, ಅದನ್ನು ಕೇಳಬೇಕೆಂಬುದೇ ತೋರುವುದಿಲ್ಲ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ವಿವರಣೆಯು ಯಂತ್ರದ ಅಂಗ, ಅದಿಲ್ಲದ ಪ್ರೋಗ್ರಾಂ ಪೂರ್ಣವಾಗಿ ಒಪ್ಪಿಸದ ಸರಕು, ಅದಕ್ಕೆ ಪೂರ್ಣವಾದ ಹಣವನ್ನು ಕೊಡತಕ್ಕದ್ದಲ್ಲ.

ಈ ದುರಭ್ಯಾಸಕ್ಕೆ ಒಂದು ಚರಿತ್ರೆಯಿದೆ. ಕಾರಿನ ಮಾದರಿ ಬದಲಾದಾಗಲೆಲ್ಲ ರಿಲೇ ಪ್ಯಾನೆಲುಗಳ ವೈರಿಂಗನ್ನು ಕಿತ್ತು ಹೊಸದಾಗಿ ಕಟ್ಟಬೇಕಾಗುತ್ತಿದ್ದ ಕಾಲವ್ಯಯವನ್ನೂ ಧನವ್ಯಯವನ್ನೂ ತಾಳಲಾರದೆ, ಅಮೆರಿಕದ ಜನರಲ್ ಮೋಟಾರ್ಸ್ ಸಂಸ್ಥೆಯ ಹೈಡ್ರಾಮ್ಯಾಟಿಕ್ ವಿಭಾಗವು 1968ರಲ್ಲಿ ರಿಲೇಗಳಿಗೆ ಪರ್ಯಾಯವಾದ ಸಾಧನವೊಂದನ್ನು ಬಯಸಿತು. ಡಿಕ್ ಮೋರ್ಲಿ ಮತ್ತು ಅವರ ಸಂಗಡಿಗರು ನಿರ್ಮಿಸಿದ ಮೋಡಿಕಾನ್ 084 ಎಂಬ ಕಂಟ್ರೋಲರು ಆ ಬಯಕೆಯನ್ನು ಪೂರೈಸಿತು. ಕಾರ್ಖಾನೆಯ ಎಲೆಕ್ಟ್ರಿಷಿಯನ್ನರು ಹೊಸ ಭಾಷೆಯೊಂದನ್ನು ಕಲಿಯುವ ಕಷ್ಟವಿಲ್ಲದೆ ಓದಲೆಂದು, ರಿಲೇ ನಕ್ಷೆಯ ಆಕಾರವನ್ನೇ ಲ್ಯಾಡರ್ ಎಂಬ ಹೆಸರಿನಿಂದ ಪ್ರೋಗ್ರಾಮಿನಲ್ಲಿ ಉಳಿಸಿಕೊಳ್ಳಲಾಯಿತು. ಆದರೆ ನಕ್ಷೆಯ ಆಕಾರ ಬಂದಂತೆ ನಕ್ಷೆಯ ಹೆಸರುಗಳು ಬರಲಿಲ್ಲ. ಹಿಂದಿನ ಪ್ಯಾನೆಲಿನಲ್ಲಿ ಪ್ರತಿಯೊಂದು ತಂತಿಯ ತುದಿಗೂ ಫೆರುಲ್ ನಂಬರಿರುತ್ತಿತ್ತು, ಪ್ರತಿಯೊಂದು ರಿಲೇಗೂ ಚೀಟಿ ಅಂಟಿರುತ್ತಿತ್ತು, ಬಾಗಿಲಿನ ಒಳಮೈಯ ಜೇಬಿನಲ್ಲಿ ನಕ್ಷೆ ಮಡಿಸಿಟ್ಟಿರುತ್ತಿತ್ತು. ಇವುಗಳಲ್ಲಿ ಒಂದಿಲ್ಲದಿದ್ದರೂ ಆ ಪ್ಯಾನೆಲನ್ನು ತಿರಸ್ಕರಿಸುವ ಶಿಸ್ತು ಆಗಿನ ಪರೀಕ್ಷಕರಿಗಿತ್ತು.

ಆರಂಭದ ಕಂಟ್ರೋಲರುಗಳ ಮೆಮೊರಿ ಅತ್ಯಲ್ಪವಾದುದು, ದುಬಾರಿಯಾದುದು; ಆದುದರಿಂದ ವಿವರಣೆಗಳೂ ಟಿಪ್ಪಣಿಗಳೂ ಕಂಟ್ರೋಲರಿನೊಳಗೆ ಸೇರದೆ, ಪ್ರೋಗ್ರಾಂ ಬರೆದವನ ಕಂಪ್ಯೂಟರಿನ ಫೈಲಿನಲ್ಲಿಯೇ ಉಳಿದವು. ಇಂದಿಗೂ ಅಸಂಖ್ಯ ಯಂತ್ರಗಳನ್ನು ನಡೆಸುತ್ತಿರುವ ಆ್ಯಲನ್-ಬ್ರಾಡ್ಲಿಯ ಎಸ್‌ಎಲ್‌ಸಿ 500 ಆಗಲಿ, ಸೀಮೆನ್ಸಿನ ಎಸ್7-300 ಆಗಲಿ ಈ ವಿಷಯದಲ್ಲಿ ಒಂದೇ. ಮೂಲ ಫೈಲು ಕೈಯಲ್ಲಿಲ್ಲದೆ ಅಂತಹ ಕಂಟ್ರೋಲರಿನಿಂದ ಅಪ್‌ಲೋಡ್ ಮಾಡಿಕೊಂಡವನ ಕಣ್ಣಿಗೆ ಬೀಳುವುದು ಬಿ3:2/7, ಎನ್7:14, ಎಂ 10.3 ಎಂಬಂತಹ ವಿಳಾಸಗಳು ಮಾತ್ರ. ಮನೆಗಳ ಸಂಖ್ಯೆಗಳಿದ್ದು ನಿವಾಸಿಗಳ ಹೆಸರೊಂದೂ ಇಲ್ಲದ ಊರಿಗೆ ಮಧ್ಯರಾತ್ರಿಯಲ್ಲಿ ವೈದ್ಯನನ್ನು ಅಟ್ಟಿದಂತೆ ಆಗುತ್ತದೆ ಅವನ ಪಾಡು. ಆ ಕಾಲದ ಮಿತಿ ಆ ಕಾಲಕ್ಕೆ ಸಕಾರಣವಾಗಿತ್ತು, ಒಪ್ಪೋಣ. ಆದರೆ ಎಸ್7-1500ರಂತಹ ಈಚಿನ ಪೀಳಿಗೆಯ ಕಂಟ್ರೋಲರುಗಳು ಟಿಪ್ಪಣಿಗಳನ್ನು ತಮ್ಮೊಳಗೇ ಇರಿಸಿಕೊಳ್ಳಬಲ್ಲವು. ಕಾರಣ ಅಳಿದ ಮೇಲೂ ಅಭ್ಯಾಸ ಅಳಿಯದಿರುವುದನ್ನು ಮಾತ್ರ ಕ್ಷಮಿಸಲಾಗದು.

ಇದು ರಿಪೇರಿಯ ಅನುಕೂಲಕ್ಕಷ್ಟೇ ಸಂಬಂಧಿಸಿದ ಮಾತಾಗಿದ್ದರೆ ಇಷ್ಟು ಒತ್ತಿ ಹೇಳುವ ಅಗತ್ಯವಿರಲಿಲ್ಲ. ಬಾಯ್ಲರಿನ ಬರ್ನರನ್ನು ಪಿಎಲ್‌ಸಿಯ ಮೂಲಕ ನಡೆಸುವ ಒಂದು ಕಾರ್ಖಾನೆಯನ್ನು ಭಾವಿಸಿಕೊಳ್ಳಿ. ಬರ್ನರನ್ನು ಹೊತ್ತಿಸುವುದಕ್ಕೆ ಮುಂಚೆ, ಕುಲುಮೆಯೊಳಗಿನ ಗಾಳಿ ಹಲವು ಬಾರಿ ಪೂರ್ತಿಯಾಗಿ ಬದಲಾಗುವಷ್ಟು ಹೊತ್ತು ಫ್ಯಾನನ್ನು ನಡೆಸಿ, ಅಲ್ಲಿ ಉಳಿದಿರಬಹುದಾದ ಉರಿಯದ ಅನಿಲವನ್ನು ಹೊರದೂಡತಕ್ಕದ್ದು. ಇದಕ್ಕೆ ಪರ್ಜ್ ಎಂದು ಹೆಸರು. ಪ್ರೋಗ್ರಾಮಿನಲ್ಲಿ ಅದು ಟಿ4:12 ಎಂಬ ಟೈಮರು, ಅದಕ್ಕೆ 300 ಸೆಕೆಂಡುಗಳ ಮೌಲ್ಯ. ಅದರ ಬಳಿ ಒಂದು ಅಕ್ಷರದ ಟಿಪ್ಪಣಿಯೂ ಇಲ್ಲ. ಬೆಳಗಿನ ಶಿಫ್ಟಿಗೆ ಆವಿ ತಡವಾಗಿ ಸಿಗುತ್ತಿದೆಯೆಂದು ಮೇಲಿನವರು ಗದರಿದಾಗ, ಬುದ್ಧಿವಂತನೂ ಕಾರ್ಯಶ್ರದ್ಧೆಯುಳ್ಳವನೂ ಆದ ತರುಣ ಇಂಜಿನಿಯರನೊಬ್ಬನು, ಏನೂ ನಡೆಯದಂತೆ ತೋರುವ ಆ ಐದು ನಿಮಿಷಗಳನ್ನು ವ್ಯರ್ಥವೆಂದು ಬಗೆದು, 300ನ್ನು 30 ಮಾಡುತ್ತಾನೆ. ಅಂದು ಬಾಯ್ಲರು ಬೇಗ ಹೊತ್ತಿಕೊಳ್ಳುತ್ತದೆ, ಅವನಿಗೆ ಪ್ರಶಂಸೆ ದೊರೆಯುತ್ತದೆ. ಗ್ಯಾಸಿನ ಕವಾಟವೊಂದು ಸೋರುವ ದಿನ ಬಂದಾಗ ಆಗತಕ್ಕ ಸ್ಫೋಟಕ್ಕೆ ಹೊಣೆ ಯಾರದು? ಕುಲುಮೆಯ ಗಾಳಿ ಬದಲಾಗಲು ಬೇಕಾದ ಕಾಲವಿದು, ಇದನ್ನು ತಗ್ಗಿಸಕೂಡದು ಎಂಬ ಒಂದು ಸಾಲನ್ನು ಬರೆಯದೆ ಹೋದವನು ಆ ಹೊಣೆಯಿಂದ ಜಾರಿಕೊಳ್ಳಲಾರ.

ಕಲ್ಪನೆಯ ಮಾತೆಂದು ಇದನ್ನು ತಳ್ಳಿಹಾಕುವವರು, ಪಿಎಲ್‌ಸಿಯಲ್ಲದಿದ್ದರೂ ಪ್ರೋಗ್ರಾಮಿನಿಂದಲೇ ನಡೆಯುತ್ತಿದ್ದ ಥೆರಾಕ್-25 ಎಂಬ ವಿಕಿರಣ ಚಿಕಿತ್ಸಾ ಯಂತ್ರದ ವೃತ್ತಾಂತವನ್ನು ನೋಡಬೇಕು. 1985ರಿಂದ 1987ರವರೆಗೆ ಅಮೆರಿಕದಲ್ಲಿಯೂ ಕೆನಡದಲ್ಲಿಯೂ ಆರು ಮಂದಿ ರೋಗಿಗಳಿಗೆ ಆ ಯಂತ್ರ ಮಿತಿಮೀರಿದ ವಿಕಿರಣವನ್ನು ಉಣಿಸಿತು. 1986ರ ಮಾರ್ಚ್ ತಿಂಗಳಲ್ಲಿ ಟೆಕ್ಸಸ್ಸಿನ ಟೈಲರ್ ಪಟ್ಟಣದಲ್ಲಿ ಚಿಕಿತ್ಸೆ ನಡೆಯುತ್ತಿದ್ದಾಗ ಪರದೆಯ ಮೇಲೆ ಮೂಡಿದುದು ‘ಮಾಲ್‌ಫಂಕ್ಷನ್ 54’ ಎಂಬ ಸಂದೇಶ ಮಾತ್ರ. ಆ ಸಂಖ್ಯೆಯ ಅರ್ಥ ಯಂತ್ರ ನಡೆಸುವವರ ಕೈಪಿಡಿಯಲ್ಲಿ ಇರಲಿಲ್ಲ. ಅಂತಹ ಸಂಖ್ಯೆಗಳು ದಿನವೂ ಬಂದುಹೋಗುವುದನ್ನು ಕಂಡಿದ್ದ ಆಪರೇಟರು ಮುಂದುವರಿಸುವ ಕೀಲಿಯನ್ನು ಒತ್ತಿದರು. ಆಗಲೇ ಒಂದು ಆಘಾತ ತಿಂದಿದ್ದ ರೋಗಿಗೆ ಎರಡನೆಯದು ತಗಲಿತು. ಕೆಲವು ತಿಂಗಳುಗಳಲ್ಲಿ ಆತ ತೀರಿಕೊಂಡ. ಮೂಲದೋಷ ಪ್ರೋಗ್ರಾಮಿನ ತರ್ಕದಲ್ಲಿದ್ದಿತು, ಟಿಪ್ಪಣಿಯ ಅಭಾವದಲ್ಲಿ ಅಲ್ಲವೆಂಬುದು ನಿಜ. ಆದರೆ ಆ ಕ್ಷಣದಲ್ಲಿ ಕೈಯನ್ನು ತಡೆಯಬಹುದಾಗಿದ್ದ ಒಂದೇ ಒಂದು ವಸ್ತು ಆ ಸಂಖ್ಯೆಯ ಅರ್ಥವಾಗಿತ್ತು. ಅದನ್ನು ತಿಳಿಯುವಂತೆ ಬರೆಯುವ ಶ್ರಮವನ್ನು ಯಾರೂ ವಹಿಸಿರಲಿಲ್ಲ.

ಎದುರು ಪಕ್ಷದವರ ಮಾತುಗಳನ್ನೂ ಪರಿಶೀಲಿಸೋಣ. ಲ್ಯಾಡರು ತನ್ನನ್ನು ತಾನೇ ವಿವರಿಸಿಕೊಳ್ಳುತ್ತದೆ ಎನ್ನುವರು. ಯಾವ ಷರತ್ತುಗಳು ಕೂಡಿದರೆ ಮೋಟಾರು ತಿರುಗುತ್ತದೆಂಬುದನ್ನು ಲ್ಯಾಡರು ಹೇಳುವುದು ಹೌದು. ಆ ಷರತ್ತನ್ನು ಏಕೆ ಹಾಕಲಾಯಿತೆಂಬುದನ್ನು ಅದು ಎಂದಿಗೂ ಹೇಳದು. ತಮ್ಮ ವಿದ್ಯೆ ಕಳುವಾದೀತೆಂದು ಕೆಲವರು ಅಂಜುವರು. ಅಂಥವರು ನಿಜವಾಗಿಯೂ ಸ್ವಂತವಾದ ಗಣಿತವುಳ್ಳ ಒಂದೆರಡು ಬ್ಲಾಕುಗಳಿಗೆ ಪಾಸ್‌ವರ್ಡ್ ಹಾಕಿಕೊಳ್ಳಲಿ. ಯಾವ ಇನ್‌ಪುಟ್ಟಿಗೆ ಯಾವ ಲಿಮಿಟ್ ಸ್ವಿಚ್ಚು ಸೇರಿದೆಯೆಂಬುದರಲ್ಲಿ ಅಡಗಿದ ವಿದ್ಯೆಯಾವುದು? ಬೆಂಗಳೂರಿನ ಪೀಣ್ಯದಂತಹ ಕಡೆ ವಿಶೇಷೋದ್ದೇಶದ ಎಸ್‌ಪಿಎಂ ಯಂತ್ರಗಳನ್ನು ಕಟ್ಟುವ ಸಣ್ಣ ಉದ್ಯಮಿಗಳ ತೊಂದರೆಯಾದರೋ ಬೇರೆ. ಕಮಿಷನಿಂಗಿನ ದಿನ ಹತ್ತಿರವಾದಂತೆ ಟಿಪ್ಪಣಿ ಬರೆಯಲು ಬಿಡುವಿರುವುದಿಲ್ಲವೆಂದೂ, ಆ ಕೆಲಸಕ್ಕೆ ಯಾರೂ ದರ ಕೊಡುವುದಿಲ್ಲವೆಂದೂ ಅವರು ಹೇಳುವುದರಲ್ಲಿ ಸತ್ಯವಿದೆ. ದರ ಕೊಡಲಿ, ಬಿಡುವು ಕೊಡಲಿ. ಇದು ಕೊಳ್ಳುವವರ ಕರ್ತವ್ಯ. ಆದರೆ ಪ್ರೋಗ್ರಾಂ ಬರೆದ ಒಬ್ಬನೇ ಹುಡುಗನು ಬೇರೆ ಕಂಪನಿಗೆ ಹೊರಟುಹೋದ ಮೇಲೆ, ತಮ್ಮದೇ ಯಂತ್ರ ಆ ಉದ್ಯಮಿಗಳಿಗೂ ಅಪರಿಚಿತವಾಗಿಬಿಡುತ್ತದೆಂಬುದನ್ನು ಅವರು ಬಲ್ಲರು.

ಇವೆಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪವೊಂದಿದೆ: ತಪ್ಪು ಟಿಪ್ಪಣಿಯು ಇಲ್ಲದ ಟಿಪ್ಪಣಿಗಿಂತ ಅಪಾಯಕರ. ಹಳೆಯ ಯಂತ್ರದ ಪ್ರೋಗ್ರಾಮನ್ನು ನಕಲು ಮಾಡಿ ಹೊಸ ಯಂತ್ರಕ್ಕೆ ಹೊಂದಿಸುವ ರೂಢಿಯಿರುವಲ್ಲಿ, ಕನ್ವೇಯರ್ ಮೋಟಾರೆಂದು ವಿವರಣೆ ಹೇಳುವ ಔಟ್‌ಪುಟ್ಟಿನಿಂದ ನೀರಿನ ಪಂಪು ಚಾಲನೆಗೊಳ್ಳುವುದುಂಟು. ಇದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಇದರಿಂದ ಸಿದ್ಧವಾಗುವುದು ಟಿಪ್ಪಣಿ ಅನವಶ್ಯಕವೆಂದಲ್ಲ. ತರ್ಕವನ್ನು ಪರೀಕ್ಷಿಸುವಷ್ಟೇ ನಿಷ್ಠೆಯಿಂದ ಟಿಪ್ಪಣಿಯನ್ನೂ ಪರೀಕ್ಷಿಸಬೇಕೆಂದು, ಪ್ರೋಗ್ರಾಂ ತಿದ್ದಿದಾಗಲೆಲ್ಲ ಅದನ್ನೂ ತಿದ್ದಬೇಕೆಂದು.

ಪಿಎಲ್‌ಸಿ ಭಾಷೆಗಳನ್ನು ನಿಯಮಿಸುವ, 1993ರಲ್ಲಿ ಮೊದಲು ಪ್ರಕಟವಾದ ಐಇಸಿ 61131-3 ಎಂಬ ಮಾನಕವು ಟಿಪ್ಪಣಿಯನ್ನು ಬರೆಯುವ ವಿಧಾನವನ್ನು ಹೇಳುತ್ತದೆಯೇ ಹೊರತು ಬರೆಯಲೇಬೇಕೆಂದು ವಿಧಿಸುವುದಿಲ್ಲ. ನಮ್ಮ ದೇಶದ ಕಾನೂನು ಈ ದಿಕ್ಕಿನಲ್ಲಿ ಒಂದು ಹೆಜ್ಜೆ ಮುಂದಿಟ್ಟಿತ್ತು. 1948ರ ಫ್ಯಾಕ್ಟರಿ ಕಾಯಿದೆಗೆ 1987ರಲ್ಲಿ ಸೇರಿಸಿದ 7ಬಿ ಪ್ರಕರಣವು, ಕಾರ್ಖಾನೆಯ ಬಳಕೆಗೆಂದು ಯಾವುದೇ ಸಾಧನವನ್ನು ರಚಿಸುವ, ತಯಾರಿಸುವ, ಸರಬರಾಜು ಮಾಡುವ ಪ್ರತಿಯೊಬ್ಬನೂ ಅದರ ಸುರಕ್ಷಿತವಾದ ಉಪಯೋಗಕ್ಕೆ ಬೇಕಾದ ಸಾಕಷ್ಟು ಮಾಹಿತಿ ದೊರೆಯುವಂತೆ ನೋಡಿಕೊಳ್ಳತಕ್ಕದ್ದೆಂದು ವಿಧಿಸಿತು. ಅಪಾಯವನ್ನು ತಡೆಯುವ ಇಂಟರ್‌ಲಾಕುಗಳ ಅರ್ಥವನ್ನು ಮರೆಯಿಟ್ಟು ಒಪ್ಪಿಸಿದ ಯಂತ್ರದಲ್ಲಿ ಆ ಸಾಕಷ್ಟು ಮಾಹಿತಿ ಇದೆಯೆಂದು ಪ್ರಾಮಾಣಿಕವಾಗಿ ವಾದಿಸಬಲ್ಲವರು ಯಾರು?

ಆದುದರಿಂದ ಖರೀದಿಯ ಕರಾರಿನಲ್ಲಿಯೇ ಇದು ಸೇರಬೇಕು. ಯಂತ್ರವನ್ನು ಒಪ್ಪಿಸಿಕೊಳ್ಳುವ ದಿನ, ಅದರ ರಚನೆಯಲ್ಲಿ ಭಾಗಿಯಾಗದ ಇಂಜಿನಿಯರೊಬ್ಬರ ಮುಂದೆ ಪ್ರೋಗ್ರಾಮನ್ನು ತೆರೆದು, ಅವರೇ ಆರಿಸಿದ ಹತ್ತು ರಂಗುಗಳ ಉದ್ದೇಶವನ್ನು ಯಾರ ಸಹಾಯವೂ ಇಲ್ಲದೆ ಅವರಿಂದ ಹೇಳಿಸತಕ್ಕದ್ದು. ಹೇಳಲಾಗದಿದ್ದರೆ ಕೊನೆಯ ಕಂತು ನಿಲ್ಲತಕ್ಕದ್ದು. ಟಿಪ್ಪಣಿಸಹಿತವಾದ ಮೂಲ ಫೈಲು ಕಾರ್ಖಾನೆಯ ವಶದಲ್ಲಿ ಎರಡು ಕಡೆ ಇರತಕ್ಕದ್ದು. ಈಗಾಗಲೇ ಮೂಕವಾಗಿ ಓಡುತ್ತಿರುವ ಹಳೆಯ ಯಂತ್ರಗಳಿಗಾದರೋ, ವಾರದ ರಜೆಯ ದಿನ ಒಂದೊಂದೇ ಇನ್‌ಪುಟ್ಟನ್ನು ತಂತಿ ಹಿಡಿದು ಸೆನ್ಸರಿನವರೆಗೆ ಹೋಗಿ ಗುರುತಿಸಿ ಹೆಸರಿಡುವುದಲ್ಲದೆ ಬೇರೆ ಮಾರ್ಗವಿಲ್ಲ. ಯಾವ ಬಿಟ್ ಏನೆಂಬುದನ್ನು ನೆನಪಿನಲ್ಲಿಯೇ ಇಟ್ಟುಕೊಂಡು ದಶಕಗಳಿಂದ ಯಂತ್ರಗಳನ್ನು ನಡೆಸಿಬಂದ ಎಲೆಕ್ಟ್ರಿಷಿಯನ್ನರು ಅನೇಕ ಕಾರ್ಖಾನೆಗಳಲ್ಲಿ ಇನ್ನೂ ಇದ್ದಾರೆ; ಈ ವರ್ಷ ನಿವೃತ್ತರಾಗುವವರ ಪಟ್ಟಿ ಕಚೇರಿಯಲ್ಲಿಯೇ ಇರುತ್ತದೆ, ಕೆಲಸವನ್ನು ಅವರಿಂದ ಆರಂಭಿಸಬಹುದು.