ಸಹಿ ಬಿದ್ದ ಮೇಲೂ ಆರು ಗಂಟೆ ಯುದ್ಧ

1918ರ ನವೆಂಬರ್ 11. ಬೆಲ್ಜಿಯಂನ ಮೋನ್ಸ್ ಪಟ್ಟಣದ ಹತ್ತಿರ ವಿಲ್-ಸುರ್-ಏನ್ ಎಂಬ ಸಣ್ಣ ಹಳ್ಳಿ. ಕೆನಡಾದ 28ನೇ ಬೆಟಾಲಿಯನ್ನಿನ ಕೆಲವು ಸೈನಿಕರು ಕಾಲುವೆಯ ಸೇತುವೆ ದಾಟಿ, ಆಚೆ ದಡದ ಮನೆಗಳನ್ನು ಒಂದೊಂದಾಗಿ ಶೋಧಿಸುತ್ತಿದ್ದರು. ಒಂದು ಮನೆಯಿಂದ ಬೀದಿಗೆ ಕಾಲಿಟ್ಟ ಜಾರ್ಜ್ ಲಾರೆನ್ಸ್ ಪ್ರೈಸ್‌ನ ಎದೆಗೆ ಗುಂಡು ಬಿತ್ತು. ಜೊತೆಗಿದ್ದವರು ಅವನನ್ನು ಒಳಗೆಳೆದುಕೊಂಡರು. ಬೆಲ್ಜಿಯಂನ ಯುವತಿಯೊಬ್ಬಳು ಆರೈಕೆಗೆಂದು ಬೀದಿ ದಾಟಿ ಓಡಿಬಂದಳು. ಪ್ರಯೋಜನವಾಗಲಿಲ್ಲ. 10 ಗಂಟೆ 58 ನಿಮಿಷಕ್ಕೆ ಪ್ರೈಸ್ ಸತ್ತ. 11ಕ್ಕೆ ಮೊದಲ ಮಹಾಯುದ್ಧ ನಿಂತಿತು.

ಅವನಿಗೆ 25 ವರ್ಷ.

ಪ್ರತಿ ನವೆಂಬರಿನಲ್ಲೂ ಈ ಕಥೆ ಹೇಳುವವರು ಆ ಎರಡು ನಿಮಿಷಕ್ಕೇ ಜೋತುಬೀಳುತ್ತಾರೆ. ಕೊನೆಯ ಓವರಿನ ಕೊನೆಯ ಎಸೆತದಲ್ಲಿ ಔಟಾದವನ ಬಗ್ಗೆ ಲೊಚಗುಟ್ಟಿದ ಹಾಗೆ, ‘ಅಯ್ಯೋ, ಇನ್ನೆರಡು ನಿಮಿಷ ಬದುಕಿದ್ದರೆ’ ಎಂಬ ಮರುಕ. ಮರುಕ ಸುಳ್ಳಲ್ಲ. ಆದರೆ ಅದು ಸಾವನ್ನು ವಿಧಿಯ ಲೆಕ್ಕಕ್ಕೆ ಬರೆದು ಕೈತೊಳೆದುಕೊಳ್ಳುತ್ತದೆ. ನೋಡಬೇಕಾದ್ದು ಎರಡು ನಿಮಿಷವನ್ನಲ್ಲ, ಆರು ಗಂಟೆಯನ್ನು.

ಫ್ರಾನ್ಸಿನ ಕಂಪಿಯೆನ್ ಕಾಡಿನಲ್ಲಿ ನಿಂತಿದ್ದ ರೈಲು ಬೋಗಿಯೊಳಗೆ ಕದನವಿರಾಮಕ್ಕೆ ಸಹಿ ಬಿದ್ದದ್ದು ಅಂದು ಬೆಳಗಿನ ಜಾವ ಐದು ದಾಟಿದ ಮೇಲೆ. ಮೂರು ದಿನ ಮೊದಲೇ, ಮಾತುಕತೆ ಮುಗಿಯುವವರೆಗಾದರೂ ಕಾದಾಟ ನಿಲ್ಲಿಸೋಣ ಎಂದು ಜರ್ಮನ್ ನಿಯೋಗದ ಮಥಿಯಾಸ್ ಎರ್ಜ್‌ಬರ್ಗರ್ ಕೇಳಿದ್ದರು. ಮಿತ್ರಪಡೆಗಳ ಮುಖ್ಯಸ್ಥ ಮಾರ್ಷಲ್ ಫಾಷ್ ಒಪ್ಪಲಿಲ್ಲ. ಶತ್ರು ಆ ಬಿಡುವಿನಲ್ಲಿ ಸುಧಾರಿಸಿಕೊಂಡುಬಿಟ್ಟರೆ ಎಂಬ ಅಳುಕಿಗೆ ಅರ್ಥವಿತ್ತು. ಉದ್ದುದ್ದದ ರಣರೇಖೆಗೆಲ್ಲ ಸುದ್ದಿ ಮುಟ್ಟಿಸಲು ಸಮಯ ಬೇಕು ಎನ್ನುವುದನ್ನೂ ಒಪ್ಪೋಣ. ಆದರೆ ಸುದ್ದಿ ಮುಟ್ಟಿದ ಕಡೆಯೂ ದಾಳಿ ಮುಂದುವರಿಯಿತಲ್ಲ, ಅದಕ್ಕೆ ಏನೆನ್ನಬೇಕು? ಸ್ಟೆನೆ ಎಂಬ ಫ್ರೆಂಚ್ ಊರನ್ನು ಅಮೆರಿಕದ ಪಡೆ ಅಂದೇ ಬೆಳಿಗ್ಗೆ ಹಿಡಿಯಿತು. ಅಲ್ಲಿ ಸೈನಿಕರಿಗೆ ಸ್ನಾನದ ಅನುಕೂಲವಿದೆ ಎಂಬುದು ಜನರಲ್ ರೈಟ್ ಕೊಟ್ಟ ಕಾರಣಗಳಲ್ಲೊಂದು! ಆ ಒಂದು ದಿನ ಎರಡೂ ಕಡೆ ಸತ್ತವರು ಸುಮಾರು 2,700 ಎಂದು ಇತಿಹಾಸಕಾರರ ಅಂದಾಜು.

ಪ್ರೈಸ್ ತಾನಾಗಿ ಸೇನೆ ಸೇರಿದವನಲ್ಲ. ನೋವಾ ಸ್ಕೋಶಿಯಾದಲ್ಲಿ ಹುಟ್ಟಿ, ಪಶ್ಚಿಮದ ಮೂಸ್ ಜಾ ಊರಿನಲ್ಲಿ ದುಡಿದುಕೊಂಡಿದ್ದವನನ್ನು 1917ರ ಅಕ್ಟೋಬರಿನಲ್ಲಿ ಕಾನೂನು ಎಳೆದುಕೊಂಡು ಹೋಯಿತು. ಕಡ್ಡಾಯ ಸೇನಾಭರ್ತಿ ಇಲ್ಲ ಎಂದು ಮಾತು ಕೊಟ್ಟಿದ್ದ ಪ್ರಧಾನಿ ರಾಬರ್ಟ್ ಬೋರ್ಡನ್ ಅದೇ ವರ್ಷ ಮಾತು ಮುರಿದಿದ್ದರು. ಕರೆ ಬಂದವರಲ್ಲಿ ಬಹುಪಾಲು ಜನ ವಿನಾಯಿತಿಗೆ ಅರ್ಜಿ ಹಾಕಿದರು. 1918ರ ಈಸ್ಟರ್ ಹೊತ್ತಿಗೆ ಕ್ವೆಬೆಕ್ ನಗರದಲ್ಲಿ ಗಲಭೆಯೆದ್ದು, ಸೈನಿಕರ ಗುಂಡಿಗೆ ನಾಲ್ವರು ನಾಗರಿಕರು ಬಲಿಯಾದರು. ಹೀಗೆ ಒತ್ತಾಯದಿಂದ ಒಯ್ದವನ ಜೀವದ ಲೆಕ್ಕ ಒಪ್ಪಿಸುವ ಹೊಣೆ ಸರ್ಕಾರಕ್ಕೆ ಇಮ್ಮಡಿ. ಸ್ವಂತ ಇಚ್ಛೆಯಿಂದ ಹೋದವನ ವಿಷಯದಲ್ಲಿ ‘ಅಪಾಯ ಗೊತ್ತಿದ್ದೇ ಹೋದ’ ಎಂದು ಜಾರಿಕೊಳ್ಳಬಹುದು. ಇಲ್ಲಿ ಆ ಮಾತಿಗೂ ಜಾಗವಿಲ್ಲ.

ಲೆಕ್ಕ ಕೇಳುವ ಪ್ರಯತ್ನ ನಡೆಯದೇ ಇರಲಿಲ್ಲ. ಯುದ್ಧ ಮುಗಿಯುತ್ತಿದ್ದಾಗ ಮೋನ್ಸ್ ಮೇಲೆ ದಾಳಿ ಮಾಡಿಸಿ ಕೆನಡಾದ ದಂಡನಾಯಕ ಆರ್ಥರ್ ಕರಿ ಸುಮ್ಮನೆ ಸೈನಿಕರ ಜೀವ ಬಲಿಕೊಟ್ಟರು ಎಂದು 1927ರಲ್ಲಿ ಪೋರ್ಟ್ ಹೋಪ್ ಎಂಬ ಪುಟ್ಟ ಊರಿನ ಪತ್ರಿಕೆ ಬರೆಯಿತು. ಕರಿ 50,000 ಡಾಲರ್ ಪರಿಹಾರ ಕೇಳಿ ಮಾನಹಾನಿ ದಾವೆ ಹೂಡಿದರು. ಮರುವರ್ಷ ಕೋಬರ್ಗ್ ಊರಿನ ಕೋರ್ಟಿನಲ್ಲಿ ಗೆದ್ದರು. ಕೈಗೆ ಬಂದದ್ದು 500 ಡಾಲರ್. ಒತ್ತಡ ಬಿಡದೆ ಮುಂದೊತ್ತಿ ಎಂಬುದು ಕರಿಗೂ ಮೇಲಿನಿಂದ ಬಂದ ಆಜ್ಞೆಯೇ ಆಗಿತ್ತು, ಆದ್ದರಿಂದ ಆ ತೀರ್ಪಿನಲ್ಲಿ ದೊಡ್ಡ ಅನ್ಯಾಯ ಕಾಣುವುದಿಲ್ಲ. ಆದರೆ ವಿಚಾರಣೆ ನಡೆದದ್ದು ಒಬ್ಬ ಜನರಲ್‌ನ ಮಾನದ ಬಗ್ಗೆ. ಕಂಪಿಯೆನ್‌ನಲ್ಲಿ ‘ಇಲ್ಲ’ ಎಂದ ಫಾಷ್ ಆ ಕಟಕಟೆಗೆ ಬರಬೇಕಾಗಿರಲಿಲ್ಲ, ಬರಲೂ ಇಲ್ಲ.