ಶರೀಫರ ವೇದಿಕೆಯೂ ಸಾರಾ ಅವರ ಕಾದಂಬರಿಯೂ

2023ರ ಜನವರಿ 6ರಿಂದ 8ರವರೆಗೆ ನಮ್ಮ ಜಿಲ್ಲಾಕೇಂದ್ರವಾದ ಹಾವೇರಿಯಲ್ಲಿ ನೆರವೇರಿದ 86ನೆಯ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನದ ಪ್ರಧಾನ ವೇದಿಕೆಗೆ ಕನಕ, ಶರೀಫ, ಸರ್ವಜ್ಞರ ಹೆಸರನ್ನಿಟ್ಟಿದ್ದರು. ಮೂವರೂ ಈ ನೆಲದವರೇ: ಕನಕರ ಬಾಡವೂ ಶರೀಫರ ಶಿಶುನಾಳವೂ ಶಿಗ್ಗಾವಿ ತಾಲೂಕಿನವು, ಅಬಲೂರು, ಮಾಸೂರುಗಳ ಹೆಸರಿನೊಡನೆ ಬೆಸೆದುಕೊಂಡ ಸರ್ವಜ್ಞನಂತೂ ಹಂಸಭಾವಿಯವರಾದ ನಮಗೆ ನೆರೆಯವನು. ಅಂಥ ಸಮ್ಮೇಳನದ ಗೋಷ್ಠಿಗಳಲ್ಲಿಯೂ ಸನ್ಮಾನಿತರ ಪಟ್ಟಿಯಲ್ಲಿಯೂ ಮುಸಲ್ಮಾನ ಲೇಖಕರನ್ನು ಕಡೆಗಣಿಸಲಾಗಿದೆಯೆಂಬ ಆಕ್ಷೇಪವೆದ್ದು, ಸಮ್ಮೇಳನ ನಡೆಸುವ ಕನ್ನಡ ಸಾಹಿತ್ಯ ಪರಿಷತ್ತಿನವರು ಅದನ್ನು ಅಲ್ಲಗಳೆದು, ಕಡೆಗೆ 8ರಂದು ಬೆಂಗಳೂರಿನಲ್ಲಿ ಪ್ರತಿರೋಧರೂಪವಾಗಿ ಜನಸಾಹಿತ್ಯ ಸಮ್ಮೇಳನವೊಂದು ನಡೆಯಬೇಕಾಯಿತು. ಅದಾದ ಎರಡೇ ದಿನಕ್ಕೆ, ಜನವರಿ 10ರಂದು, ಲೇಖಕಿ ಸಾರಾ ಅಬೂಬಕ್ಕರ್ ಮಂಗಳೂರಿನಲ್ಲಿ ತೀರಿಕೊಂಡರು.

ಸಾಹಿತ್ಯಕ್ಕೆ ಜಾತಿಮತಗಳಿಲ್ಲ, ಯೋಗ್ಯತೆಯೊಂದೇ ಪ್ರಮಾಣವೆಂದು ವಾದಿಸುವವರೊಡನೆ ನನಗೆ ತಕರಾರಿಲ್ಲ. ಆ ಪ್ರಮಾಣವನ್ನೇ ಹಿಡಿದು ನೋಡೋಣ. ‘ಲಂಕೇಶ್ ಪತ್ರಿಕೆ’ಯಲ್ಲಿ ಧಾರಾವಾಹಿಯಾಗಿ ಬಂದು 1984ರಲ್ಲಿ ಪುಸ್ತಕವಾದ ಸಾರಾ ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯಲ್ಲಿ, ಗಂಡನನ್ನು ಪ್ರೀತಿಸುವ ಮಗಳು ನಾದಿರಾಳನ್ನು ತಂದೆ ಮಹಮ್ಮದ್ ಖಾನ್ ತನ್ನ ಹಟಕ್ಕಾಗಿ ತವರಿನಲ್ಲಿಯೇ ಇರಿಸಿಕೊಂಡು ತಲಾಖ್ ಆಗುವಂತೆ ಮಾಡುತ್ತಾನೆ. ಗಂಡನನ್ನು ಮರಳಿ ಸೇರಬೇಕಾದರೆ ಪರಪುರುಷನೊಬ್ಬನೊಡನೆ ಒಂದು ರಾತ್ರಿಯ ಮದುವೆಗೆ ಒಳಗಾಗಬೇಕೆಂಬ ಕಟ್ಟಳೆಯನ್ನು ತಾಳಲಾರದೆ ಅವಳು ಮಸೀದಿಯ ಕೊಳದ ಪಾಲಾಗುತ್ತಾಳೆ. ಇದನ್ನೋದುವ ನಮ್ಮೂರ ಹೆಣ್ಣುಮಗಳಿಗೆ ತಲಾಖಿನ ವಿಧಿ ಅಪರಿಚಿತವಿರಬಹುದು. ಆದರೆ ಮಗಳನ್ನು ಗಂಡನ ಮನೆಗೆ ಕಳಿಸೆನೆಂದು ಪಂತ ಹಿಡಿದು ಕುಳಿತ ಅಪ್ಪನೂ, ಎಲ್ಲವನ್ನೂ ಬಲ್ಲವಳಾಗಿಯೂ ಬಾಯಿ ತೆರೆಯಲಾರದ ಅವ್ವನೂ ಅಪರಿಚಿತರೆ?

ಕಥೆಯಿಂದ ಸೌಹಾರ್ದವನ್ನು ನಿರೀಕ್ಷಿಸಬಹುದೆಂದು ನಾನು ನಂಬುವುದು ಇಲ್ಲಿಯೇ. ನೆರೆಯವರ ಸದ್ಗುಣಗಳನ್ನು ಕೊಂಡಾಡುವ ಭಾಷಣಗಳನ್ನು ಕೇಳಿ ಚಪ್ಪಾಳೆ ತಟ್ಟಿದವರು ಮನೆಗೆ ಹೋಗುವಷ್ಟರಲ್ಲಿ ಅವನ್ನು ಮರೆಯುತ್ತಾರೆ. ಅವರ ಮನೆಯ ಕೇಡು ನಮ್ಮ ಮನೆಯಲ್ಲಿಯೂ ಬೇರೆ ಹೆಸರಿನಿಂದ ವಾಸವಾಗಿದೆಯೆಂಬ ಅರಿವಾದವನಿಗೆ ಮಾತ್ರ ಪರರನ್ನು ದೂಷಿಸುವ ನಾಲಗೆ ತಡವರಿಸುತ್ತದೆ. ಸಾರಾ ತಮ್ಮ ಸಮುದಾಯದವರಲ್ಲಿಯೇ ಕೆಲವರ ವಿರೋಧವನ್ನು ಎದುರಿಸಿ ಬರೆದವರು. ಆ ಧೈರ್ಯವನ್ನೋದಿ, “ನೋಡಿರಿ, ಅವರಲ್ಲಿ ಹೀಗೆ” ಎಂದಷ್ಟೇ ಹೇಳಿ ಪುಸ್ತಕ ಮುಚ್ಚುವವನು ಅದನ್ನು ಅರ್ಧ ಓದಿದವನು.

ಕಾದಂಬರಿ ಕಲಹವನ್ನೂ ಬೆಳೆಸೀತೆಂಬ ಆಕ್ಷೇಪವುಂಟು. ಭೈರಪ್ಪನವರ ‘ಆವರಣ’ 2007ರಲ್ಲಿ ಹೊರಬಂದಾಗ ನಾಡು ಎರಡು ಪಂಗಡವಾಗಿ ಕಾದಾಡಿದ್ದನ್ನು ಯಾರೂ ಮರೆತಿಲ್ಲ. ಅದಕ್ಕೆ ಪರಿಹಾರ ಬಹಿಷ್ಕಾರವಾಗದು. ‘ಆವರಣ’ವನ್ನು ಓದಿದವರು ಬೊಳುವಾರು ಮಹಮದ್ ಕುಂಞಿಯವರ ‘ಸ್ವಾತಂತ್ರ್ಯದ ಓಟ’ವನ್ನೂ ಓದಲಿ, ಇದನ್ನೋದಿದವರು ಅದನ್ನೂ ಓದಲಿ, ಒಂದೇ ಕಡೆಯ ಗಾಯವನ್ನು ಎಣಿಸುವ ಚಟ ಆಗ ತಾನಾಗಿ ಸಡಿಲುವುದು. ಗಲಭೆಯನ್ನು ತಡೆಯುವುದು ಕಾನೂನಿನ ಹೊಣೆಯೆಂಬುದು ನಿಜ. 2025ರಲ್ಲಿ ಬಾನು ಮುಷ್ತಾಕ್ ದಸರೆಯನ್ನು ಉದ್ಘಾಟಿಸಬಾರದೆಂದು ನ್ಯಾಯಾಲಯಕ್ಕೆ ಹೋದವರ ಅರ್ಜಿಗಳನ್ನು ಹೈಕೋರ್ಟೂ ಸುಪ್ರೀಂ ಕೋರ್ಟೂ ತಳ್ಳಿಹಾಕಿದವು. ಆದರೆ ತೀರ್ಪು ದ್ವಾರವನ್ನು ತೆರೆಸಬಲ್ಲದು, ಅಂತಃಕರಣವನ್ನು ತೆರೆಸಲಾರದು. ಅಂತರರಾಷ್ಟ್ರೀಯ ಬೂಕರ್ ಪಡೆದ ಆ ಲೇಖಕಿಯ ಹೆಸರನ್ನು ಹಿಡಿದು ಜಗಳವಾಡಿದವರಲ್ಲಿ ಅವರ ಒಂದಾದರೂ ಕಥೆಯನ್ನು ಓದಿದವರೆಷ್ಟು?

ಶ್ರಾವಣಮಾಸದಲ್ಲಿ ಮಠಗಳಲ್ಲಿ ಪುರಾಣ ಹಚ್ಚುವ ರೂಢಿ ನಮ್ಮ ಸೀಮೆಗೆ ಹೊಸತಲ್ಲ. ಒಬ್ಬರು ಓದಿ, ಒಬ್ಬರು ಅರ್ಥ ಹೇಳಿ, ಊರೆಲ್ಲ ಕುಳಿತು ಕೇಳುವ ಆ ಪದ್ಧತಿಯಲ್ಲಿ ಅಕ್ಷರ ಬಾರದವರೂ ರಸಿಕರಾದರು. ಅರಿವು ಕೇಂದ್ರಗಳೆಂದು ಹೆಸರು ಪಡೆದ ನಮ್ಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ತಿಂಗಳಿಗೊಮ್ಮೆ ಹಾಗೆಯೇ ಒಂದು ಕಥೆಯನ್ನು ಹಚ್ಚಲಿ. ಹಂಸಭಾವಿಯಲ್ಲಿ ಮೊದಲಿಗೆ ಸಾರಾ ಅವರದಾಗಲಿ. ಸಾಹಿತ್ಯ ಪರಿಷತ್ತು ಇದರ ಭಾರವನ್ನು ಹೊರಬೇಕು. ಶರೀಫರ ಹೆಸರನ್ನು ಬಳಸಿಕೊಂಡುದಕ್ಕೆ ಅದು ಈ ಜಿಲ್ಲೆಗೆ ತೀರಿಸಬೇಕಾದ ಸಾಲ.