ಬೆನ್ನುನೋವು ಅಂತ ಸುಮ್ಮನಿರೋದು ಬೇಡ

ಲಗ್ಗೆರೆಯ ನಮ್ಮ ಬೀದಿಗಳಲ್ಲಿ ಪೀಣ್ಯದ ಫ್ಯಾಕ್ಟರಿಗಳಿಗೆ ಹೋಗೋ ಅಪ್ಪಂದಿರೇ ಜಾಸ್ತಿ. ಬೆನ್ನುನೋವಾದರೆ ಮಷೀನ್ ಕೆಲಸ ಅಂತಾರೆ, ಮೂತ್ರಕ್ಕೆ ತೊಂದರೆಯಾದರೆ ವಯಸ್ಸಾಯ್ತು ಅಂತಾರೆ. ಎಷ್ಟೋ ಸಲ ಅದು ನಿಜವೇ. ಆದರೆ ಪ್ರಾಸ್ಟೇಟ್ ಕ್ಯಾನ್ಸರ್ ಹೆಚ್ಚಾಗಿ ಹರಡುವುದು ಮೂಳೆಗಳಿಗೆ.

ಹೇಗೆ ಹರಡುತ್ತೆ? ಜೀನ್‌ಗಳ ಆನ್-ಆಫ್ ತಪ್ಪುವುದೂ ಒಂದು ಕಾರಣ. ಹರಡಿದ ಗಡ್ಡೆಗಳಲ್ಲಿ ಇಜೆಡ್‌ಎಚ್2 ಎಂಬ ಪ್ರೋಟೀನ್ ಜಾಸ್ತಿ ಇರುವುದನ್ನು 2002ರಲ್ಲಿ ಮಿಷಿಗನ್ ವಿಶ್ವವಿದ್ಯಾಲಯದ ಅರುಳ್ ಚಿನ್ನಯ್ಯನ್ ಅವರ ತಂಡ ತೋರಿಸಿತು. ಅದರ ಕೆಲಸ ಜೀನ್‌ಗಳನ್ನು ಆಫ್ ಮಾಡೋದು. ಅದು ಅತಿಯಾದರೆ, ಕೋಶವನ್ನು ಹಿಡಿತದಲ್ಲಿಡೋ ಜೀನ್‌ಗಳೂ ಆಫ್ ಆಗುತ್ತವೆ.

ಇದನ್ನೆಲ್ಲ ನಾವು ಇಂಗ್ಲಿಷಲ್ಲಿ ಓದಿ ಸುಮ್ಮನಾಗ್ತೀವಿ. ಮನೇಲಿ ಕನ್ನಡದಲ್ಲಿ ಹೇಳೋಕೆ ನಾಚಿಕೆ. ಆ ನಾಚಿಕೆ ಬಿಡೋಣ. ಐವತ್ತು ದಾಟಿದ ಅಪ್ಪನಿಗೆ, "ಪಿಎಸ್‌ಎ ರಕ್ತಪರೀಕ್ಷೆ ಬೇಕಾ ಅಂತ ಡಾಕ್ಟರನ್ನ ಕೇಳೋಣ, ಬಾಪ್ಪ" ಅನ್ನೋಣ. ಕಿದ್ವಾಯಿ ಆಸ್ಪತ್ರೆ ಇರೋದೂ ನಮ್ಮ ಬೆಂಗಳೂರಲ್ಲೇ.